ಸೊಪ್ಪಿನ ಕಟ್ಟಿಗೊಂದು ನೆಲ: ಪಾರಂಪರಿಕ ನಗರದಲ್ಲಿ ಮಾರುಕಟ್ಟೆಯ ನಿರ್ಮಾಣ

(ಮಲೆನಾಡಿನ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಬೆಟ್ಟದ ಹಳ್ಳಿಗೂ ಮೈಸೂರಿನ ದೇವರಾಜ ಮಾರುಕಟ್ಟೆಗೂ ಏನು ಸಂಬಂಧ ಎಂಬ ಪ್ರಶ್ನೆ ಇಲ್ಲಿ ಕುಳಿತಿರುವ ಅನೇಕರ ಮನಸ್ಸಿನಲ್ಲಿ ಮೂಡಿರಬಹುದು. ಕಾಡು, ಹೊಳೆ, ಗಣಿಗಾರಿಕೆಗಳ ಕುರಿತು ಚಿಂತಿಸುವ ಕೂಟವೊಂದು ಪೇಟೆಯ ಕಟ್ಟಡವೊಂದರ ಚರ್ಚೆಗಾಗಿ ಮಧ್ಯಾಹ್ನವನ್ನು ಮೀಸಲಿಡುವುದೇಕೆ? ಹೊಲದ ಬದು ಊರಿನ ಗಡಿಯಲ್ಲಿ ಮುಗಿಯುವುದಿಲ್ಲ. ಅದು ಪೇಟೆಯ ಕಟ್ಟೆಯವರೆಗೂ ಚಾಚಿಕೊಂಡಿರುತ್ತದೆ. ಬೆಳೆದವನು ತನ್ನ ಬುಟ್ಟಿಯನ್ನು ಇಳಿಸಲು ಜಾಗವಿಲ್ಲದ ಪೇಟೆಯಲ್ಲಿ ಅವನ ಬೆಳೆಗೆ ಬೆಲೆಯೂ ಇರುವುದಿಲ್ಲ. ಆದುದರಿಂದ ಮಾರುಕಟ್ಟೆಯ ಕಟ್ಟಡ ಹೇಗಿರಬೇಕು ಎಂಬುದು ವಾಸ್ತುಶಿಲ್ಪಿಗಳ ಪ್ರಶ್ನೆಯಾಗಿರುವಷ್ಟೇ ಕೃಷಿಕರ ಪ್ರಶ್ನೆಯೂ ಹೌದು.

ನಿಂತ ಕಟ್ಟಡ, ಕುಸಿದ ಕಟ್ಟಡ

ಮೈಸೂರಿನ ಹೃದಯಭಾಗದಲ್ಲಿ, ದಕ್ಷಿಣಕ್ಕೆ ಚಿಕ್ಕ ಗಡಿಯಾರ, ಉತ್ತರಕ್ಕೆ ಧನ್ವಂತರಿ ರಸ್ತೆ, ಪಕ್ಕದಲ್ಲಿ ದಸರೆಯ ಜಂಬೂ ಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆ. ಇವುಗಳ ನಡುವೆ ದೇವರಾಜ ಮಾರುಕಟ್ಟೆ ಹರಡಿಕೊಂಡಿದೆ. ಹಳೆಯ ಸಂತೆಯೊಂದು 19ನೇ ಶತಮಾನದ ಕೊನೆಯ ದಶಕಗಳಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಕಟ್ಟಡದ ರೂಪ ತಾಳಿತು. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ದಪ್ಪ ಗೋಡೆಗಳು, ಎತ್ತರದ ಕಮಾನು ಬಾಗಿಲುಗಳು, ರಸ್ತೆಗೆ ಮುಖಮಾಡಿದ ಹೊರ ಮಳಿಗೆಗಳು, ಒಳಗೆ ತೆರೆದ ಅಂಗಳ, ಅಂಗಳದ ಉದ್ದಕ್ಕೂ ಸಾಲು ಕಟ್ಟೆಗಳು. ಹೂವಿಗೊಂದು ಸಾಲು, ವೀಳ್ಯದೆಲೆಗೊಂದು ಸಾಲು, ಬಾಳೆಹಣ್ಣಿಗೊಂದು ಸಾಲು, ಕುಂಕುಮಕ್ಕೊಂದು ಸಾಲು. ಭೌಗೋಳಿಕ ಗುರುತಿನ ಮನ್ನಣೆ ಪಡೆದ ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಕೊಡಗಿನ ಕಿತ್ತಳೆ, ಇವೆಲ್ಲವೂ ಕಾನೂನಿನ ಕಾಗದದಲ್ಲಿ ಹೆಸರಾಗುವುದಕ್ಕೆ ಬಹು ಮೊದಲೇ ಇಂತಹ ಪೇಟೆಗಳ ಕಟ್ಟೆಗಳ ಮೇಲೆ ಹೆಸರಾಗಿದ್ದವು.

2016ರ ಆಗಸ್ಟ್ 28ರಂದು ಈ ಮಾರುಕಟ್ಟೆಯ ಉತ್ತರ ಭಾಗ, ನವೀಕರಣದ ಕೆಲಸ ನಡೆಯುತ್ತಿದ್ದ ಅವಧಿಯಲ್ಲಿಯೇ ಕುಸಿಯಿತು. ಅದಕ್ಕೆ ನಾಲ್ಕು ವರ್ಷಗಳ ಹಿಂದೆ, 2012ರ ಆಗಸ್ಟ್‌ನಲ್ಲಿ, ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡಿದ್ದರು. 1892ರ ಆ ಕಟ್ಟಡದ ಪುಸ್ತಕದಂಗಡಿಗಳಲ್ಲಿ ತಲೆಮಾರುಗಳ ವಿದ್ಯಾರ್ಥಿಗಳು ಪಠ್ಯಪುಸ್ತಕ ಕೊಂಡಿದ್ದಾರೆ. ಕುಸಿತದ ಬಳಿಕ ಅಲ್ಲಿನ ಮಳಿಗೆಗಳು ಬರಿದಾದವು.

ಅಲ್ಲಿಂದ ವಾದ ಆರಂಭವಾಯಿತು. ಎರಡೂ ಕಟ್ಟಡಗಳನ್ನು ಕೆಡವಿ, ಹಳೆಯ ಶೈಲಿಯಲ್ಲಿಯೇ ಹೊಸದನ್ನು ಕಟ್ಟಬೇಕು ಎಂದು ತಜ್ಞರ ಒಂದು ಪಕ್ಷ ಹೇಳಿತು. ದುರಸ್ತಿ ಸಾಧ್ಯ, ಕೆಡಹುವುದು ಅನಗತ್ಯ ಎಂದು ಇಂಟ್ಯಾಕ್ ಸೇರಿದಂತೆ ಪರಂಪರೆಯ ತಜ್ಞರು ಹೇಳಿದರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2023ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಕೆಡಹುವಿಕೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ವಜಾಗೊಳಿಸಿತು.

ಕೆಡಹಬೇಕೆನ್ನುವವರೆಲ್ಲ ಪರಂಪರೆಯ ಶತ್ರುಗಳೆಂದು ಭಾವಿಸುವುದು ಅನ್ಯಾಯ. ಬಿರುಕು ಬಿಟ್ಟ ಕಮಾನಿನ ಕೆಳಗೆ ದಿನವಿಡೀ ಕುಳಿತು ವ್ಯಾಪಾರ ಮಾಡುವವನ ಭಯ ನಿಜವಾದ ಭಯ. ನಾಲ್ಕು ಜೀವಗಳು ಹೋದ ನಂತರ ಆ ಭಯವನ್ನು ಹಗುರವಾಗಿ ಕಾಣಲಾಗದು. ಆದರೆ ‘ಕೆಡಹಬೇಕೋ ಉಳಿಸಬೇಕೋ’ ಎಂಬ ಈ ಗದ್ದಲದಲ್ಲಿ ಮೂರನೆಯ ಪ್ರಶ್ನೆಯೊಂದು ಕೇಳಿಸದೆ ಹೋಯಿತು: ಆ ಜಾಗದಲ್ಲಿ ಏನೇ ನಿಂತರೂ, ಅದರೊಳಗೆ ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ನೆಲವಿದೆಯೇ?

ಮೂರು ನಗರಗಳ ಪಾಠ

ಈ ಪ್ರಶ್ನೆಯನ್ನು ಕೇಳದೆ ಮುಂದುವರಿದ ನಗರಗಳು ಲೋಕದಲ್ಲಿವೆ. ಪ್ಯಾರಿಸ್ ನಗರದ ‘ಲೆ ಆಲ್’ ಮಾರುಕಟ್ಟೆಗೆ 19ನೇ ಶತಮಾನದಲ್ಲಿ ವಿಕ್ಟರ್ ಬಾಲ್ಟಾರ್ ಎಂಬ ವಾಸ್ತುಶಿಲ್ಪಿ ಕಬ್ಬಿಣ ಮತ್ತು ಗಾಜಿನ ಮಂಟಪಗಳನ್ನು ರೂಪಿಸಿದ. 1969ರಲ್ಲಿ ಸಗಟು ವ್ಯಾಪಾರವನ್ನು ನಗರದ ಹೊರಗಿನ ರಂಜಿಸ್‌ಗೆ ಸಾಗಿಸಿದರು. 1971ರಿಂದ ಮಂಟಪಗಳನ್ನು ಕೆಡಹಿದರು. ಒಂದು ಮಂಟಪ ಮಾತ್ರ ಉಳಿದು ಬೇರೊಂದು ಊರು ಸೇರಿತು. ನಗರದ ನಡುವೆ ವರ್ಷಗಟ್ಟಲೆ ಒಂದು ದೊಡ್ಡ ಗುಂಡಿ ಬಾಯ್ದೆರೆದು ನಿಂತಿತ್ತು. 1979ರಲ್ಲಿ ಅಲ್ಲಿ ನೆಲದಡಿಯ ವಾಣಿಜ್ಯ ಸಂಕೀರ್ಣ ತೆರೆಯಿತು. ಅದನ್ನೂ ಮತ್ತೆ ಮಾರ್ಪಡಿಸಿ 2016ರಲ್ಲಿ ಹೊಸ ಛಾವಣಿ ಹೊದಿಸಿದರು. ಅಲ್ಲಿ ಕಟ್ಟಡವೂ ಹೋಯಿತು, ತರಕಾರಿಯೂ ಹೋಯಿತು.

ಲಂಡನ್ನಿನ ಕಾವೆಂಟ್ ಗಾರ್ಡನ್ನಿನಲ್ಲಿ ಬೇರೆಯದೇ ನಡೆಯಿತು. ಹೂವು, ಹಣ್ಣು, ತರಕಾರಿಗಳ ಸಗಟು ವ್ಯಾಪಾರ 1974ರಲ್ಲಿ ನೈನ್ ಎಲ್ಮ್ಸ್‌ಗೆ ತೆರಳಿತು. 1830ರ ಹಳೆಯ ಕಟ್ಟಡವನ್ನು ಜನರ ಒತ್ತಾಯದಿಂದ ಉಳಿಸಿಕೊಂಡು 1980ರಲ್ಲಿ ಅಂಗಡಿ ಮತ್ತು ಉಪಾಹಾರ ಗೃಹಗಳಿಗಾಗಿ ತೆರೆದರು. ಇಂದು ಪ್ರವಾಸಿಗರು ಅಲ್ಲಿ ತುಂಬಿ ತುಳುಕುತ್ತಾರೆ. ತರಕಾರಿ ಮಾರುಕಟ್ಟೆಯೆಂಬುದು ಹೆಸರಿನಲ್ಲಿ ಮಾತ್ರ ಉಳಿದಿದೆ. ಕಲ್ಲು ಉಳಿಯಿತು, ಸೊಪ್ಪು ಹೊರಟುಹೋಯಿತು. ಪರಂಪರೆಯನ್ನು ಗೋಡೆಗೆ ಸೀಮಿತಗೊಳಿಸಿದರೆ ದೊರೆಯುವ ಫಲ ಇದು.

ಮೂರನೆಯದು ಸ್ಪೇನ್ ದೇಶದ ಬಾರ್ಸಿಲೋನಾ. ಅಲ್ಲಿನ ಹಳೆಯ ಪೇಟೆಯಲ್ಲಿರುವ ಸಾಂತಾ ಕತರೀನಾ ಮಾರುಕಟ್ಟೆ 1848ರದು. ಎನ್ರಿಕ್ ಮಿರಾಯೆಸ್ ಮತ್ತು ಬೆನೆದೆತ್ತಾ ತಾಲ್ಯಾಬುಯೆ ಎಂಬ ವಾಸ್ತುಶಿಲ್ಪಿ ದಂಪತಿಗಳು ಅದರ ಹಳೆಯ ಬಿಳಿಯ ಹೊರಗೋಡೆಗಳನ್ನು ಉಳಿಸಿಕೊಂಡು, ಒಳಗಿನದನ್ನು ಹೊಸದಾಗಿ ಯೋಜಿಸಿ, ಮೇಲೆ ಅಲೆಯಂತೆ ಏರಿಳಿಯುವ ಮರದ ಛಾವಣಿಯನ್ನು ಹೊದಿಸಿದರು. ಆ ಛಾವಣಿಯ ಮೇಲೆ ಹಣ್ಣು ತರಕಾರಿಗಳ ಬಣ್ಣಗಳನ್ನು ನೆನಪಿಸುವ 67 ವರ್ಣಗಳ ಪಿಂಗಾಣಿ ಬಿಲ್ಲೆಗಳಿವೆ. ಮಿರಾಯೆಸ್ 2000ದಲ್ಲಿ ತೀರಿಕೊಂಡರು. ಮಾರುಕಟ್ಟೆ 2005ರಲ್ಲಿ ತೆರೆಯಿತು. ಹೊಸದು ಹಳೆಯದರಂತೆ ವೇಷ ಹಾಕಲಿಲ್ಲ, ಹಳೆಯದನ್ನು ಅಳಿಸಲೂ ಇಲ್ಲ. ಅಲ್ಲಿಯೂ ಮಳಿಗೆಗಳ ಸಂಖ್ಯೆ ಮೊದಲಿಗಿಂತ ಕಡಿಮೆಯಾಯಿತು ಎಂಬುದನ್ನು ಮರೆಯಬಾರದು. ಆದರೂ ಮೀನು, ಮಾಂಸ, ಸೊಪ್ಪುಗಳ ವ್ಯಾಪಾರ ಅದೇ ನೆಲದಲ್ಲಿ ಮುಂದುವರಿಯಿತು.

ಆ ನಗರದಲ್ಲಿ ಇನ್ನೊಂದು ಪದ್ಧತಿಯಿದೆ. ಕೆಲಸ ಆರಂಭಿಸುವ ಮೊದಲು ಹತ್ತಿರದಲ್ಲಿಯೇ ತಾತ್ಕಾಲಿಕ ಮಾರುಕಟ್ಟೆಯನ್ನು ಕಟ್ಟಿ ವ್ಯಾಪಾರಿಗಳನ್ನು ಅಲ್ಲಿಗೆ ಕಳುಹಿಸುತ್ತಾರೆ. 1882ರ ಸಾಂತ್ ಅಂತೋನಿ ಮಾರುಕಟ್ಟೆಯ ನವೀಕರಣ 2009ರಿಂದ 2018ರವರೆಗೆ ಎಳೆಯಿತು. ಅಗೆಯುವಾಗ ಹಳೆಯ ಕೋಟೆಯ ಅವಶೇಷಗಳು ದೊರೆತದ್ದೂ ಅದಕ್ಕೊಂದು ಕಾರಣ. ಅಷ್ಟು ವರ್ಷವೂ ಪಕ್ಕದ ರಸ್ತೆಯಲ್ಲಿ ವ್ಯಾಪಾರ ನಡೆದಿತ್ತು. ಪಾರಂಪರಿಕ ಪ್ರದೇಶದಲ್ಲಿ ಗುದ್ದಲಿ ಹಾಕಿದವನು ವಿಳಂಬಕ್ಕೆ ಸಿದ್ಧನಿರಬೇಕು. ಆ ವಿಳಂಬದ ಹೊರೆ ಸೊಪ್ಪು ಮಾರುವವಳ ತಲೆಯ ಮೇಲೆ ಬೀಳಬಾರದು.

ಕಿತ್ತ ಮೇಲೂ ಉಸಿರಾಡುವ ಬೆಳೆ

ಕೃಷಿವಿಜ್ಞಾನ ಈ ಚರ್ಚೆಗೆ ಹೇಳಬಹುದಾದ ಮಾತೊಂದಿದೆ. ಹೊಲದಿಂದ ಕಿತ್ತ ತರಕಾರಿ ಸತ್ತ ವಸ್ತುವಲ್ಲ. ಅದು ಉಸಿರಾಡುತ್ತದೆ, ತನ್ನೊಳಗಿನ ಸಕ್ಕರೆಯನ್ನು ಸುಟ್ಟು ಬಿಸಿ ಮತ್ತು ತೇವವನ್ನು ಹೊರಗೆಡಹುತ್ತದೆ. ಸುತ್ತಲಿನ ಉಷ್ಣತೆ 10 ಡಿಗ್ರಿ ಏರಿದರೆ ಈ ಉಸಿರಾಟದ ವೇಗ ಎರಡರಿಂದ ಮೂರು ಪಟ್ಟಾಗುತ್ತದೆ. ಬಾಳಿಕೆ ಅದಕ್ಕೆ ತಕ್ಕಂತೆ ಕುಗ್ಗುತ್ತದೆ. ತೂಕದ ಶೇಕಡಾ 5ರಷ್ಟು ನೀರು ಆರಿಹೋದರೆ ಬಹುತೇಕ ಸೊಪ್ಪುಗಳು ಬಾಡಿ, ಬೆಲೆ ಬಿದ್ದುಹೋಗುತ್ತದೆ. ಮುಂಜಾವಿನಲ್ಲಿ ಕಿತ್ತು, ನಸುಕಿನ ಬಸ್ಸಿನಲ್ಲಿ ತಂದ ಸೊಪ್ಪಿನ ಕಟ್ಟು ಮಧ್ಯಾಹ್ನದವರೆಗೆ ತಲೆಯೆತ್ತಿ ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಛಾವಣಿ ನಿರ್ಧರಿಸುತ್ತದೆ.

ಹಳೆಯ ಮಾರುಕಟ್ಟೆಯ ಎತ್ತರದ ಕಮಾನು, ದಪ್ಪ ಗೋಡೆ, ತೆರೆದ ಅಂಗಳಗಳು ಅಲಂಕಾರಕ್ಕಾಗಿ ಮಾತ್ರ ಇರುವುವಲ್ಲ. ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ, ತಂಪುಗಾಳಿ ಕೆಳಗಿನಿಂದ ನುಗ್ಗುತ್ತದೆ. ದಪ್ಪ ಗೋಡೆ ಹಗಲಿನ ಕಾವನ್ನು ನಿಧಾನವಾಗಿ ಹೀರುತ್ತದೆ. ವಿದ್ಯುತ್ ಇಲ್ಲದೆ ನಡೆಯುವ ವ್ಯವಸ್ಥೆಯಿದು. ಇದರ ಬದಲಿಗೆ ತಗ್ಗಾದ ಕಾಂಕ್ರೀಟು ಚಪ್ಪಡಿಯ ಕೆಳಗೆ, ಮೂರು ಕಡೆ ಮುಚ್ಚಿ ಮುಂದೆ ಷಟರು ಎಳೆದ ಮಳಿಗೆಗಳನ್ನು ಕಟ್ಟಿದರೆ ಬಟ್ಟೆ, ಪಾತ್ರೆಗಳಿಗೆ ಅಡ್ಡಿಯಿಲ್ಲ. ಬಸಳೆಗೂ ಮಲ್ಲಿಗೆಗೂ ಅದು ಬೆಂಕಿಯ ಗೂಡು.

ಸಾಲುಗಳ ವಿಂಗಡಣೆಯ ಹಿಂದೆಯೂ ಅನುಭವದ ತಿಳಿವಳಿಕೆಯಿದೆ. ಮಾಗುವ ಬಾಳೆಹಣ್ಣು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ಅದು ಪಕ್ಕದ ಸೊಪ್ಪನ್ನು ಹಳದಿಯಾಗಿಸುತ್ತದೆ, ಹೂವನ್ನು ಬೇಗ ಬಾಡಿಸುತ್ತದೆ. ಬಾಳೆಯ ಸಾಲು ಒಂದೆಡೆ, ಎಲೆ ಮತ್ತು ಹೂವಿನ ಸಾಲು ಇನ್ನೊಂದೆಡೆ ಇರುವುದು ಕೇವಲ ರೂಢಿಯಲ್ಲ. ಎಲ್ಲಕ್ಕೂ ಶೀತಲಗೃಹವೇ ಪರಿಹಾರವೆಂಬ ನಂಬಿಕೆಯೂ ಸರಿಯಲ್ಲ. ಬಾಳೆಯನ್ನು 13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಕಪ್ಪಾಗಿ ಹಣ್ಣು ಸರಿಯಾಗಿ ಮಾಗುವುದಿಲ್ಲ. ಪ್ರತಿಯೊಂದು ಬೆಳೆಗೂ ತನ್ನದೇ ಹದವಿದೆ. ಹೊಸ ಕಟ್ಟಡದ ನಕ್ಷೆಯನ್ನು ಬರೆಯುವ ಮೊದಲು ಅಲ್ಲಿಗೆ ಯಾವ ಬೆಳೆ, ಯಾವ ಹೊತ್ತಿನಲ್ಲಿ, ಯಾವ ಹೊರೆಯಲ್ಲಿ ಬಂದಿಳಿಯುತ್ತದೆ ಎಂಬ ಪಟ್ಟಿಯನ್ನು ವರ್ಷದ ಎಲ್ಲ ಋತುಗಳಿಗೂ ಸಿದ್ಧಪಡಿಸಬೇಕು.

ಮಹಡಿಯ ಪ್ರಶ್ನೆಯೂ ಹೀಗೆಯೇ. ಒಂದು ಕಟ್ಟು ಕೊತ್ತಂಬರಿಗಾಗಿ ಎರಡನೆಯ ಮಹಡಿಗೆ ಹತ್ತುವ ಗಿರಾಕಿ ಇಲ್ಲ. ತಲೆಹೊರೆಯೊಂದಿಗೆ ಹತ್ತುವ ಶಕ್ತಿ ವಯಸ್ಸಾದ ರೈತಮಹಿಳೆಗಿಲ್ಲ. ಮಹಡಿ ಬೇಕೇ ಆದರೆ ಅದು ಕಚೇರಿಗೆ, ಒಣ ಸರಕಿಗೆ, ವಿಶ್ರಾಂತಿ ಕೊಠಡಿಗೆ ಇರಲಿ. ನೆಲ ಮಾತ್ರ ಹಸಿ ಬೆಳೆಗೆ ಸಲ್ಲಬೇಕು.

ನೀರಿನ ಲೆಕ್ಕವೂ ಇಲ್ಲಿ ಸೇರಬೇಕು. ಒಂದು ಎಕರೆ ಛಾವಣಿಯ ಮೇಲೆ, ಮೈಸೂರಿನಂತೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ ಸುರಿದರೆ 32 ಲಕ್ಷ ಲೀಟರ್ ನೀರು ಬೀಳುತ್ತದೆ. ಐದನೆಯ ಒಂದು ಭಾಗ ವ್ಯರ್ಥವಾದರೂ 25 ಲಕ್ಷ ಲೀಟರಿಗೂ ಹೆಚ್ಚು ಉಳಿಯುತ್ತದೆ. ಸೊಪ್ಪು ತೊಳೆಯಲು, ನೆಲ ತೊಳೆಯಲು ಅದು ದೊಡ್ಡ ಆಸರೆ. ದಿನದ ಕೊನೆಗೆ ಉಳಿಯುವ ಕಸದಲ್ಲಿ ಬಹುಪಾಲು ಎಲೆ, ಸಿಪ್ಪೆ, ದಂಟು. ಅದನ್ನು ಪ್ಲಾಸ್ಟಿಕ್ಕಿನೊಡನೆ ಬೆರೆಸದೆ ಕಟ್ಟಡದಲ್ಲಿಯೇ ಬೇರ್ಪಡಿಸಲು ಜಾಗವಿದ್ದರೆ ಅನಿಲವೂ ಆಗುತ್ತದೆ, ಗೊಬ್ಬರವೂ ಆಗುತ್ತದೆ. ತರಕಾರಿ ತಂದ ಗಾಡಿ ಬರಿದಾಗಿ ಹಿಂದಿರುಗಬೇಕಿಲ್ಲ.

ಗೋಡೆಗೂ ಉಸಿರು ಬೇಕು

ಹಳೆಯ ಕಟ್ಟಡಗಳು ವಯಸ್ಸಾದ ಕಾರಣಕ್ಕೆ ಬೀಳುವುದು ಕಡಿಮೆ. ನೀರು ನುಗ್ಗಿದ ಕಾರಣಕ್ಕೆ ಬೀಳುವುದೇ ಹೆಚ್ಚು. ಛಾವಣಿಯ ಬಿರುಕಿನಲ್ಲಿ ಮೊಳೆತ ಅರಳಿ ಸಸಿಯನ್ನು ಕಾಲಕ್ಕೆ ಕೀಳದಿದ್ದರೆ ಬೇರು ಗಾರೆಯನ್ನು ಸೀಳುತ್ತದೆ. ಮಳೆನೀರು ಒಳಗಿಳಿದು ಮರದ ತೊಲೆಯ ತುದಿಯನ್ನು ಕೊಳೆಯಿಸುತ್ತದೆ. ಸುಣ್ಣದ ಗೋಡೆಯ ಮೇಲೆ ಸಿಮೆಂಟಿನ ಗಿಲಾಯಿ ಬಳಿದರೆ ಒಳಗಿನ ತೇವ ಹೊರಬರಲಾರದೆ ಇಟ್ಟಿಗೆ ಪುಡಿಯಾಗುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ವಾಸಿಸುವವರಿಗೆ ಇದನ್ನು ವಿವರಿಸಬೇಕಿಲ್ಲ. ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸದ ಮನೆ ಎಷ್ಟು ಮಳೆಗಾಲ ನಿಂತೀತು?

ಕೆಡಹಿ ಕಟ್ಟುವುದಕ್ಕೆ ಪರಿಸರದ ಬೆಲೆಯೂ ಇದೆ. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ದೊರೆತು 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸುಣ್ಣದ ಗಾರೆ ಗಟ್ಟಿಯಾಗುತ್ತ ಹೋದಂತೆ ಅದೇ ಅನಿಲದ ದೊಡ್ಡ ಪಾಲನ್ನು ಮರಳಿ ಹೀರುತ್ತದೆ. ಸುಣ್ಣಕ್ಕೆ ಸುಮಾರು 900 ಡಿಗ್ರಿ ಕಾವು ಸಾಕು. ಸಿಮೆಂಟಿಗೆ 1,450 ಡಿಗ್ರಿ ಬೇಕು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಉಗುಳುವಿಕೆಯಲ್ಲಿ ಶೇಕಡಾ 7ರಿಂದ 8ರಷ್ಟು ಸಿಮೆಂಟು ತಯಾರಿಕೆಯದು. ನಿಂತಿರುವ ಗೋಡೆಯಲ್ಲಿ ಆ ಕಾಲದ ಸೌದೆ, ಶ್ರಮ, ಮಣ್ಣು ಈಗಾಗಲೇ ಸಂದಾಯವಾಗಿವೆ. ಅದನ್ನು ಕೆಡಹಿದರೆ ಹೊಸ ಜಲ್ಲಿ ಯಾವುದೋ ಗುಡ್ಡದಿಂದ, ಹೊಸ ಮರಳು ಯಾವುದೋ ಹೊಳೆಯಿಂದ ಬರಬೇಕು. ಆ ಗುಡ್ಡವೂ ಆ ಹೊಳೆಯೂ ಯಾವ ಸೀಮೆಯವು ಎಂಬುದನ್ನು ಈ ಸಭೆಗೆ ಹೇಳುವ ಅಗತ್ಯವಿಲ್ಲ.

ಆದುದರಿಂದ ಕ್ರಮ ಸ್ಪಷ್ಟವಾಗಿದೆ. ದುರಸ್ತಿಗೆ ಒಗ್ಗುವ ಭಾಗವನ್ನು ಸುಣ್ಣದಲ್ಲಿಯೇ, ಬಲ್ಲ ಗಾರೆಯವರಿಂದಲೇ ದುರಸ್ತಿ ಮಾಡಬೇಕು. ಬಿದ್ದುಹೋದ, ನಿಜವಾಗಿಯೂ ಅಪಾಯಕಾರಿಯಾದ ಭಾಗವನ್ನು ಮಾತ್ರ ಹೊಸದಾಗಿ ಕಟ್ಟಬೇಕು. ಆ ಹೊಸ ಭಾಗ ಎತ್ತರದಲ್ಲಿ, ಅಳತೆಯಲ್ಲಿ, ಬಣ್ಣದಲ್ಲಿ ಹಳೆಯ ಪೇಟೆಗೆ ಹೊಂದಬೇಕು. ಆದರೆ ಹಳೆಯದೆಂದು ನಟಿಸಬಾರದು. ಸೇರಿಸಿದ್ದು ಮೂಲದೊಂದಿಗೆ ಹೊಂದಿಕೊಂಡೂ ಪ್ರತ್ಯೇಕವಾಗಿ ಗುರುತಿಸುವಂತಿರಬೇಕು ಎಂಬ ತತ್ತ್ವವನ್ನು 1964ರ ವೆನಿಸ್ ಸನ್ನದು ಹೇಳುತ್ತದೆ. ಕಾಂಕ್ರೀಟಿನ ಮೇಲೆ ಸುಳ್ಳು ಕಮಾನು ಅಂಟಿಸಿದರೆ ಪರಂಪರೆಯಾಗದು; ಪರಂಪರೆಯ ಮುಖವಾಡವಾಗುತ್ತದೆ.

ಪಟ್ಟಿಯಲ್ಲಿ ಇಲ್ಲದ ವ್ಯಾಪಾರಿ

ಇಲ್ಲಿಯವರೆಗೆ ಹೇಳಿದ್ದು ಬೆಳೆಯ ಮತ್ತು ಗೋಡೆಯ ಮಾತು. ಇವೆರಡಕ್ಕಿಂತ ಸುಲಭವಾಗಿ ಕಳೆದುಹೋಗುವುದು ಮನುಷ್ಯ.

ಮಾರುಕಟ್ಟೆಯನ್ನು ಹೊಸದಾಗಿ ಕಟ್ಟುವಾಗ ಅಧಿಕಾರಿಗಳು ಬಾಡಿಗೆದಾರರ ಪಟ್ಟಿಯನ್ನು ತೆಗೆದುಕೊಳ್ಳುತ್ತಾರೆ. ಅದರಲ್ಲಿ ಮಳಿಗೆಯ ಸಂಖ್ಯೆಯಿದ್ದವರ ಹೆಸರು ಇರುತ್ತದೆ. ಗೋಣಿಚೀಲ ಹಾಸಿ ಕಟ್ಟೆಯ ಕೆಳಗೆ ಕುಳಿತವಳ ಹೆಸರು ಇರುವುದಿಲ್ಲ. ಋತುವಿಗೊಮ್ಮೆ ಬರುವವನ ಹೆಸರಂತೂ ಇರುವುದೇ ಇಲ್ಲ. ಮಲೆನಾಡಿನ ಅಪ್ಪೆಮಿಡಿಯನ್ನೇ ತೆಗೆದುಕೊಳ್ಳಿ. ವರ್ಷದಲ್ಲಿ ಕೆಲವೇ ವಾರಗಳ ವ್ಯಾಪಾರ ಅದು. ಹಲಸು, ಮುರುಗಲು, ಕಾಡುಸೊಪ್ಪುಗಳ ಕಥೆಯೂ ಅಷ್ಟೇ. ಇವುಗಳನ್ನು ತರುವವರು ವರ್ಷವಿಡೀ ಮಳಿಗೆ ಬಾಡಿಗೆ ಕಟ್ಟಲಾರರು. ಅವರಿಗೆ ಬೇಕಾದುದು ದಿನದ ನೆಲಬಾಡಿಗೆಯ ನಾಲ್ಕಡಿ ಜಾಗ, ತಲೆಯ ಮೇಲೆ ನೆರಳು, ಕುಡಿಯುವ ನೀರು, ಹೆಂಗಸರಿಗೆ ಶುಚಿಯಾದ ಶೌಚಾಲಯ, ಹಿಂದಿನ ರಾತ್ರಿಯ ಬಸ್ಸಿಗೆ ಬಂದವರು ಬೆಳಗಿನವರೆಗೆ ಒರಗಿಕೊಳ್ಳಲು ಒಂದು ಜಗುಲಿ. ಇವು ನಕ್ಷೆಯಲ್ಲಿ ಮೊದಲೇ ಇರದಿದ್ದರೆ ಕಟ್ಟಡ ಮುಗಿದ ಮೇಲೆ ಎಂದಿಗೂ ಬರುವುದಿಲ್ಲ.

ಕಾನೂನು ಇಲ್ಲಿ ಸ್ವಲ್ಪ ಆಸರೆಯಾಗುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯ ಅನ್ವಯ, ಬೀದಿ ವ್ಯಾಪಾರಿಗಳು 50 ವರ್ಷಗಳಿಗೂ ಹೆಚ್ಚು ಕಾಲ ವ್ಯಾಪಾರ ನಡೆಸಿಕೊಂಡು ಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು. ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು. ಅಂದರೆ ಪರಂಪರೆ ಎಂಬ ಪದವನ್ನು ಈ ದೇಶದ ಕಾನೂನು ಗೋಡೆಗೆ ಮಾತ್ರವಲ್ಲ, ನೆಲದ ಮೇಲೆ ಕುಳಿತ ಮನುಷ್ಯನಿಗೂ ಅನ್ವಯಿಸಿದೆ. ಇದನ್ನು ಬಲ್ಲ ವ್ಯಾಪಾರಿಗಳು ಎಷ್ಟು ಮಂದಿ? ವಿದ್ಯಾರ್ಥಿ ಮಿತ್ರರು ಕೈಗೊಳ್ಳಬಹುದಾದ ಒಳ್ಳೆಯ ಕೆಲಸವೊಂದು ಇಲ್ಲಿದೆ.

ತಾಲ್ಲೂಕು ಪೇಟೆಗೆ ಬರುವ ಪ್ರಶ್ನೆ

ಮೈಸೂರಿನ ವಾದ ಮೈಸೂರಿನಲ್ಲಿಯೇ ನಿಲ್ಲುವುದಿಲ್ಲ. ಮಲೆನಾಡಿನ ಪ್ರತಿ ತಾಲ್ಲೂಕು ಪೇಟೆಯಲ್ಲಿಯೂ ಹಳೆಯ ರಥಬೀದಿಯ ಪಕ್ಕವೋ ಕೆರೆಯ ಏರಿಯ ಕೆಳಗೋ ಒಂದು ಸಂತೆಮಾಳವಿದೆ. ಇಂದಲ್ಲ ನಾಳೆ ಅಲ್ಲಿಗೂ ‘ಸುಸಜ್ಜಿತ ವಾಣಿಜ್ಯ ಸಂಕೀರ್ಣ’ದ ನಕ್ಷೆ ಬರುತ್ತದೆ. ಆಗ ಬೇಡವೆಂದು ಕೂಗುವುದು ಸುಲಭ. ಹೇಗಿರಬೇಕೆಂದು ಹೇಳುವುದು ಕಷ್ಟ, ಆದರೆ ಅದೇ ಹೆಚ್ಚು ಉಪಯುಕ್ತ.

ಅದಕ್ಕಾಗಿ ಈಗಲೇ ಮಾಡಬಹುದಾದ ಕೆಲಸಗಳಿವೆ. ಒಂದು ವರ್ಷ, ಪ್ರತಿ ಸಂತೆಯ ದಿನ, ಯಾರು ಎಲ್ಲಿ ಕುಳಿತು ಏನನ್ನು ಮಾರುತ್ತಾರೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ನೆರಳು ಎಲ್ಲಿ ಬೀಳುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಲಾರಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಗುರುತಿಸುವುದು. ಹಳೆಯ ಕಟ್ಟೆಗಳ ಛಾವಣಿಯ ಹೆಂಚನ್ನು ಮಳೆಗಾಲಕ್ಕೆ ಮೊದಲು ಕೈಯಾಡಿಸುವಂತೆ ಪಂಚಾಯಿತಿಯನ್ನು ಒತ್ತಾಯಿಸುವುದು. ಹೊಸ ಕಟ್ಟಡ ಅನಿವಾರ್ಯವಾದರೆ, ತಾತ್ಕಾಲಿಕ ಸ್ಥಳ ಮೊದಲು ಸಿದ್ಧವಾಗಬೇಕು, ಹಿಂದಿರುಗುವ ಹಕ್ಕು ಪ್ರತಿಯೊಬ್ಬರ ಕೈಗೂ ಬರಹದಲ್ಲಿ ಸಿಗಬೇಕು, ಆಮೇಲಷ್ಟೇ ಗುದ್ದಲಿ. ನಕ್ಷೆಯನ್ನು ಮೇಜಿನ ಮೇಲೆ ಹರಡಿದ ದಿನ ಈ ನೋಟ್‌ಬುಕ್ಕು ಅದರ ಪಕ್ಕದಲ್ಲಿ ಇರಬೇಕು.

ಮಾರುಕಟ್ಟೆಯ ಶೋಭೆ ಕಮಾನಿನಲ್ಲಿದೆ, ನಿಜ. ಆದರೆ ಕಮಾನನ್ನು ಕಟ್ಟಿದ್ದು ಅದರಡಿಯಲ್ಲಿ ಬುಟ್ಟಿ ಹಾದುಹೋಗಲೆಂದು. ಬುಟ್ಟಿ ಹಾದುಹೋಗುವಷ್ಟು ದಿನ ಅದು ಮಾರುಕಟ್ಟೆ. ಅದು ನಿಂತ ದಿನ ಎಷ್ಟೇ ಅಂದವಾಗಿ ಉಳಿಸಿದರೂ, ಎಷ್ಟೇ ವೆಚ್ಚದಲ್ಲಿ ಹೊಸದಾಗಿ ಕಟ್ಟಿದರೂ, ಬರಿಯ ಕಟ್ಟಡ.